ಸದಸ್ಯರ ಅಧ್ಯಯನ ಪಾಠ: ರಸ್ತೆಗಾಗಿ ಜನರೇ ಮತ ಹಾಕಿ ಒಪ್ಪಿದ ತೆರಿಗೆ



ತೆರಿಗೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ಅದು ಸಹಜ. ನಸುಕಿನಲ್ಲೆದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಸಂಘದ ಮುಂದೆ ಸಾಲಿನಲ್ಲಿ ನಿಂತು, ಜಿಡ್ಡಿನಂಶ ನೋಡಿಸಿ, ಬಟವಾಡೆಗಾಗಿ ಕಾಯುವವರಿಗೆ ಒಂದೊಂದು ರೂಪಾಯಿಯ ಬೆಲೆಯೂ ಗೊತ್ತು. ಅಂಥವರ ಮುಂದೆ, 'ನಮ್ಮ ಮೇಲೆ ಇನ್ನೊಂದಿಷ್ಟು ತೆರಿಗೆ ಹಾಕಿ' ಎಂದು ಜನರೇ ಮತಪೆಟ್ಟಿಗೆಯ ಮೂಲಕ ಹೇಳಿದ ಊರುಗಳಿವೆ ಎಂದರೆ ನಗು ಬರಬಹುದು. ಆದರೆ ಅಂಥ ಊರುಗಳಿವೆ. ಅವುಗಳಲ್ಲಿ ಎರಡು, ನಮ್ಮಂತೆಯೇ ಹಾಲನ್ನು ನಂಬಿದ ಜಿಲ್ಲೆಗಳು. ಅಲ್ಲಿನ ಜನ ಯಾವ ತೆರಿಗೆಗೆ ಹೌದು ಎಂದರು, ಯಾವುದಕ್ಕೆ ಬೇಡ ಎಂದರು, ಏಕೆ ಎಂದರು ಎಂಬುದೇ ಈ ಪಾಠದ ವಿಷಯ.

ಮೊದಲು ಸ್ಥಳ ಪರಿಚಯ. ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ರಾಜ್ಯದ ಹೆಸರು ಕೇಳಿದರೆ ಸಿನಿಮಾ, ಕಂಪ್ಯೂಟರುಗಳ ನೆನಪಾಗುತ್ತದೆ. ಆ ರಾಜ್ಯವೇ 1993ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ರಾಜ್ಯ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ರಾಜ್ಯದ ನಡುವೆ ಸ್ಯಾನ್ ವಾಕಿನ್ ಎಂಬ ಉದ್ದನೆಯ ಕಣಿವೆ ಇದೆ. ಆ ಕಣಿವೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಕೌಂಟಿಗಳು ಟುಲೇರಿ ಮತ್ತು ಫ್ರೆಸ್ನೊ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಹಾಲಿನ ವಹಿವಾಟಿನಲ್ಲಿ ಇಡೀ ಅಮೆರಿಕದ ಕೌಂಟಿಗಳ ಪೈಕಿ ಟುಲೇರಿ ಮುಂಚೂಣಿಯಲ್ಲಿದೆ. ಟುಲೇರಿಯ ಆಡಳಿತ ಕೇಂದ್ರವಾದ ವೈಸೇಲಿಯಾ ಪಟ್ಟಣದಲ್ಲಿ ಕ್ಯಾಲಿಫೋರ್ನಿಯಾ ಡೈರೀಸ್ ಎಂಬ ಹಾಲು ಉತ್ಪಾದಕರ ಸಹಕಾರಿಯ ಕೇಂದ್ರ ಕಚೇರಿ ಇದೆ. 1999ರಲ್ಲಿ ಮೂರು ಹಳೆಯ ಸಹಕಾರಿಗಳು ಒಂದಾಗಿ ಹುಟ್ಟಿದ ಸಂಸ್ಥೆ ಅದು. ಆ ಮೂರರಲ್ಲಿ ಒಂದಾದ ಡೇನಿಶ್ ಕ್ರೀಮರಿ 1895ರಷ್ಟು ಹಿಂದೆಯೇ ಫ್ರೆಸ್ನೊದಲ್ಲಿ ಆರಂಭವಾಗಿತ್ತು. ಸಹಕಾರ ತತ್ವ ಅವರಿಗೂ ಹೊಸದಲ್ಲ.

ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಅಲ್ಲಿ ಎರಡು ಹಸು ಕಟ್ಟಿದವರ ಹಾಲು ಕ್ಯಾನಿನಲ್ಲಿ ಕೂಡಿ ಬರುವುದಿಲ್ಲ. ಒಂದೊಂದು ಕೊಟ್ಟಿಗೆಯಲ್ಲೂ ನೂರಾರು, ಸಾವಿರಾರು ಹಸುಗಳು. ಹಾಲನ್ನು ಅಲ್ಲಿಯೇ ತಂಪು ಮಾಡಿ, ಸುಮಾರು 22 ಸಾವಿರ ಲೀಟರ್ ಹಿಡಿಸುವ ಟ್ಯಾಂಕರಿಗೆ ತುಂಬಿ ಕಾರ್ಖಾನೆಗೆ ಒಯ್ಯುತ್ತಾರೆ. ಸಾಗಾಣಿಕೆ ಖರ್ಚನ್ನು ಸಾಮಾನ್ಯವಾಗಿ ಉತ್ಪಾದಕನ ಹಾಲಿನ ಹಣದಲ್ಲಿಯೇ ಮುರಿದುಕೊಳ್ಳುತ್ತಾರೆ. ಹೀಗಾಗಿ ರಸ್ತೆ ಕೆಟ್ಟು ಟ್ಯಾಂಕರು ಸುತ್ತು ಬಳಸಿ ಹೋದರೆ ಅದರ ಪೆಟ್ಟು ನೇರವಾಗಿ ರೈತನಿಗೆ. ನಮ್ಮಲ್ಲಿ ಸಾಗಾಣಿಕೆ ಒಕ್ಕೂಟದ ಖರ್ಚಿನ ಬಾಬಿನಲ್ಲಿ ಬರುವುದರಿಂದ ನಮಗೆ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ನಾವು ತೆರುತ್ತಿಲ್ಲ ಎಂದಲ್ಲ. ಒಕ್ಕೂಟದ ಖರ್ಚು ಎಂದರೆ ಸುತ್ತಿ ಬಳಸಿ ಸದಸ್ಯರ ಹಾಲಿನ ದರವೇ.

ಪೆಟ್ರೋಲ್ ತೆರಿಗೆ ಏಕೆ ಸಾಲಲಿಲ್ಲ?

ಅಮೆರಿಕದಲ್ಲಿ ಬಹುಕಾಲ ರಸ್ತೆಯ ಹಣ ಮುಖ್ಯವಾಗಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ತೆರಿಗೆಯಿಂದ ಬರುತ್ತಿತ್ತು. ರಸ್ತೆ ಬಳಸುವವನೇ ರಸ್ತೆಗೆ ಹಣ ಕೊಡಲಿ ಎಂಬ ನ್ಯಾಯ. ಒಳ್ಳೆಯ ನ್ಯಾಯವೇ. ಆದರೆ ಆ ತೆರಿಗೆಯನ್ನು ಬೆಲೆಯ ಮೇಲೆ ಶೇಕಡಾವಾರು ಹಾಕದೆ, ಗ್ಯಾಲನ್ನಿಗೆ ಇಷ್ಟು ಸೆಂಟು ಎಂದು ಕಟ್ಟಿದ್ದರು. ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ 1993ರಲ್ಲಿ ಗ್ಯಾಲನ್ನಿಗೆ 18.4 ಸೆಂಟಿಗೆ ನಿಂತಿತು, ಆಮೇಲೆ ಏರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ 1994ರಲ್ಲಿ 18 ಸೆಂಟು ಆದದ್ದು 2010ರವರೆಗೆ ಅಷ್ಟೇ ಇತ್ತು. ಅಷ್ಟು ವರ್ಷಗಳಲ್ಲಿ ಡಾಂಬರು, ಜಲ್ಲಿ, ಕೂಲಿ ಎಲ್ಲವೂ ಏರಿದವು. ವಾಹನಗಳು ಅದೇ ಒಂದು ಗ್ಯಾಲನ್ನಿನಲ್ಲಿ ಹೆಚ್ಚು ದೂರ ಓಡತೊಡಗಿದವು. ಅಂದರೆ ರಸ್ತೆ ಸವೆಯುವುದು ಹೆಚ್ಚಿತು, ಹಣದ ಶಕ್ತಿ ಕುಗ್ಗಿತು. ಹಿಂದೊಮ್ಮೆ ಸಂಘದ ಕಟ್ಟಡ ನಿಧಿಗೆಂದು ಲೀಟರಿಗೆ 5 ಪೈಸೆ ಮುರಿಯಲು ನಿರ್ಣಯ ಮಾಡಿ, ಇಂದಿಗೂ ಅದೇ 5 ಪೈಸೆ ಮುರಿಯುತ್ತಿದ್ದರೆ ಏನಾಗುತ್ತದೆಂದು ಯೋಚಿಸಿ. ಅಂದು ಆ ಹಣಕ್ಕೆ ಗೋಡೆ ಏಳುತ್ತಿತ್ತು, ಇಂದು ಸುಣ್ಣಕ್ಕೂ ಸಾಲದು.

ಇಲ್ಲಿ ಎಂಜಿನಿಯರುಗಳ ಒಂದು ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮ ಹಾಲಿನ ಲಾರಿಗೆ ಸಂಬಂಧಿಸಿದ್ದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಹಾಕಿ, ಸೈನಿಕರಿಂದ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ನೋಡಿದರು. ಅದರಿಂದ ಹೊರಬಂದ ಸೂತ್ರ ಹೀಗೆ: ಗಾಡಿಯ ಒಂದು ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಎರಡರಷ್ಟಲ್ಲ, ಸುಮಾರು 16ರಷ್ಟಾಗುತ್ತದೆ. ಒಂದು ಟನ್ ಹೊತ್ತ ಅಚ್ಚಿಗೂ ಎಂಟು ಟನ್ ಹೊತ್ತ ಅಚ್ಚಿಗೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲಿ 4 ಸಾವಿರ ಪಟ್ಟನ್ನು ಮೀರುತ್ತದೆ. ಇದು ಸರಿಸುಮಾರಿನ ಸೂತ್ರ, ಮಣ್ಣು ಮಳೆಗಳನ್ನು ನೋಡಿ ವ್ಯತ್ಯಾಸವಾಗುತ್ತದೆ. ಆದರೂ ಅರ್ಥ ಸ್ಪಷ್ಟ. ಹಳ್ಳಿಯ ರಸ್ತೆಯನ್ನು ಸವೆಸುವುದು ಸೈಕಲ್ಲು, ಬೈಕುಗಳಲ್ಲ. ಜಲ್ಲಿಯ ಟಿಪ್ಪರು, ಕಬ್ಬಿನ ಲಾರಿ, ಹಾಗೆಯೇ ನಮ್ಮ ಹಾಲಿನ ಟ್ಯಾಂಕರು. ರಸ್ತೆ ಕೆಟ್ಟಾಗ ಮೊದಲು ನಷ್ಟ ಅನುಭವಿಸುವವರು ನಾವು ಎನ್ನುತ್ತೇವೆ. ಕೆಡಿಸುವುದರಲ್ಲಿಯೂ ನಮ್ಮ ಪಾಲಿದೆ ಎಂಬುದನ್ನು ಒಪ್ಪಿಕೊಂಡು ಮುಂದಿನ ಮಾತು ಆಡುವುದು ಒಳ್ಳೆಯದು.

ಅರ್ಧ ಸೆಂಟಿನ ತೆರಿಗೆ

ಪೆಟ್ರೋಲ್ ತೆರಿಗೆ ಸಾಲದಾದಾಗ ಕ್ಯಾಲಿಫೋರ್ನಿಯಾದ ಕೌಂಟಿಗಳು ಬೇರೊಂದು ದಾರಿ ಹಿಡಿದವು. ಅಂಗಡಿಯಲ್ಲಿ ಮಾರುವ ಸರಕಿನ ಮೇಲೆ ಡಾಲರಿಗೆ ಅರ್ಧ ಸೆಂಟು ಸ್ಥಳೀಯ ತೆರಿಗೆ ಹಾಕುವುದು, ಆ ಹಣವನ್ನು ಆ ಕೌಂಟಿಯ ರಸ್ತೆ, ಬಸ್ಸುಗಳಿಗೇ ಖರ್ಚು ಮಾಡುವುದು. ಒಂದು ಡಾಲರಿಗೆ ನೂರು ಸೆಂಟು. ಆದ್ದರಿಂದ ನೂರು ಡಾಲರಿನ ಸಾಮಾನು ಕೊಂಡರೆ ಅರ್ಧ ಡಾಲರ್ ತೆರಿಗೆ. ವರ್ಷಕ್ಕೆ ಹತ್ತು ಸಾವಿರ ಡಾಲರಿನ ತೆರಿಗೆಗೊಳಪಟ್ಟ ಸಾಮಾನು ಕೊಳ್ಳುವ ಕುಟುಂಬಕ್ಕೆ 50 ಡಾಲರ್.

ಇದಕ್ಕೆ ನಾಂದಿ ಹಾಡಿದ್ದು ಸ್ಯಾಂಟಾ ಕ್ಲಾರಾ ಕೌಂಟಿ. ಸ್ಯಾನ್ ಹೋಸೆ ನಗರವಿರುವ, ನಮ್ಮ ಕನ್ನಡದ ಎಷ್ಟೋ ಮನೆಗಳ ಮಕ್ಕಳು ಕಂಪ್ಯೂಟರ್ ಕೆಲಸಕ್ಕೆ ಹೋಗಿ ನೆಲೆಸಿರುವ ಕೌಂಟಿ ಇದೇ. 1984ರಲ್ಲಿ ಅಲ್ಲಿನ ಮತದಾರರು ಹತ್ತು ವರ್ಷಕ್ಕೆಂದು ಅರ್ಧ ಸೆಂಟು ತೆರಿಗೆ ಒಪ್ಪಿದರು. ಹಣ ಯಾವುದಕ್ಕೆ ಎಂಬುದು ಮೊದಲೇ ನಿಗದಿಯಾಗಿತ್ತು: 85, 101, 237 ಎಂಬ ಮೂರು ಹೆದ್ದಾರಿಗಳಿಗೆ. 85ನೆಯ ಹೆದ್ದಾರಿ 1994ರಲ್ಲಿ ಪೂರ್ಣವಾಯಿತು. ಜನ ಕೊಟ್ಟರು, ಹೇಳಿದ ಕೆಲಸ ಹೇಳಿದ ಕಾಲಕ್ಕೆ ಕಣ್ಣಿಗೆ ಕಂಡಿತು. ಆಮೇಲೆ ಬೇರೆ ಕೌಂಟಿಗಳಿಗೂ ಧೈರ್ಯ ಬಂತು. ಇಂದು ರಾಜ್ಯದ 58 ಕೌಂಟಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌಂಟಿಗಳು ಹೀಗೆ ತಮ್ಮದೇ ಸಾರಿಗೆ ತೆರಿಗೆ ಹಾಕಿಕೊಂಡಿವೆ. ಅವುಗಳನ್ನು ಅಲ್ಲಿ ಸ್ವಸಹಾಯ ಕೌಂಟಿಗಳು ಎನ್ನುತ್ತಾರೆ. ನಮ್ಮ ಸ್ವಸಹಾಯ ಗುಂಪುಗಳ ಹೆಸರನ್ನು ನೆನಪಿಸುವ ಮಾತು!

ಈಗ ಹಾಲಿನ ಕಣಿವೆಗೆ ಬರೋಣ. ಫ್ರೆಸ್ನೊ ಕೌಂಟಿ 1986ರಲ್ಲಿ ಅರ್ಧ ಸೆಂಟು ತೆರಿಗೆಗೆ ಮತ ಕೊಟ್ಟಿತು. ಅಲ್ಲಿ ಮತಕ್ಕೆ ಹಾಕುವ ಪ್ರಸ್ತಾಪಗಳಿಗೆ ಅಕ್ಷರಗಳ ಹೆಸರಿಡುವುದು ಪದ್ಧತಿ. ಇದಕ್ಕೆ ಬಂದದ್ದು 'ಮೆಶರ್ ಸಿ' ಎಂಬ ಹೆಸರು. ಅವಧಿ 20 ವರ್ಷ. ಅದರ ಹಣದ ಬಲದಿಂದ ನಗರವನ್ನು ಸುತ್ತಮುತ್ತಲ ಊರುಗಳಿಗೆ ಜೋಡಿಸುವ 41, 168, 180ನೆಯ ಹೆದ್ದಾರಿಗಳ ಕೆಲಸ ನಡೆಯಿತು. ನೆರೆಯ ಟುಲೇರಿ ಕೌಂಟಿ ಇಂಥ ತೆರಿಗೆ ಒಪ್ಪಿದ್ದು 2006ರ ನವೆಂಬರಿನಲ್ಲಿ, 30 ವರ್ಷದ ಅವಧಿಗೆ. ಟುಲೇರಿಯ ಹಂಚಿಕೆ ನೆನಪಿಡುವಷ್ಟು ಸರಳ. ನೂರರಲ್ಲಿ 50 ಭಾಗ ಇಡೀ ಕೌಂಟಿಗೆ ಬೇಕಾದ ದೊಡ್ಡ ರಸ್ತೆಗಳಿಗೆ, 35 ಭಾಗ ಪಟ್ಟಣಗಳ ಮತ್ತು ಹಳ್ಳಿಗಾಡಿನ ಸ್ಥಳೀಯ ರಸ್ತೆಗಳಿಗೆ, 14 ಭಾಗ ಬಸ್ಸು, ಸೈಕಲ್ ದಾರಿ, ಪರಿಸರಕ್ಕೆ, ಉಳಿದ 1 ಭಾಗ ಆಡಳಿತಕ್ಕೆ. ಆಡಳಿತದ ಖರ್ಚು ನೂರಕ್ಕೆ ಒಂದು ಎಂದು ಮತಪತ್ರದ ಯೋಜನೆಯಲ್ಲಿಯೇ ಕಟ್ಟಿಹಾಕಿದ್ದನ್ನು ಗಮನಿಸಿ. ನಮ್ಮ ಸರ್ವ ಸದಸ್ಯರ ಸಭೆಯಲ್ಲಿ ಸಾದಿಲ್ವಾರು ಖರ್ಚಿನ ಬಗ್ಗೆ ಪ್ರಶ್ನೆ ಎತ್ತುವ ಸದಸ್ಯರಿಗೆ ಈ ಅಂಶ ಹಿಡಿಸೀತು.

ಇನ್ನೂ ಒಂದು ಅನುಕೂಲವಿದೆ. ನನ್ನ ದೃಷ್ಟಿಯಲ್ಲಿ ಈ ತೆರಿಗೆಯನ್ನು ಬೆಂಬಲಿಸಲು ಅದೇ ಮುಖ್ಯ ಕಾರಣ. ಸ್ವಂತ ಹಣ ಇಟ್ಟವನಿಗೆ ಬೇರೆಯವರ ಹಣವೂ ಬರುತ್ತದೆ. ಅದೇ 2006ರ ನವೆಂಬರಿನಲ್ಲಿ ರಾಜ್ಯದ ಜನ ಸಾರಿಗೆಗಾಗಿ ಸುಮಾರು 2 ಸಾವಿರ ಕೋಟಿ ಡಾಲರಿನ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ 100 ಕೋಟಿ ಡಾಲರ್ ಈ ಕಣಿವೆಯ ಬೆನ್ನೆಲುಬಾದ 99ನೆಯ ಹೆದ್ದಾರಿಗೆ ಮೀಸಲಾಯಿತು. ಇನ್ನೂ 100 ಕೋಟಿಯನ್ನು, ಸ್ಥಳೀಯವಾಗಿ ತಾವೂ ಹಣ ಕೂಡಿಸುವ ಕಡೆಗಳಿಗೆ ಪಾಲುದಾರಿಕೆಯಾಗಿ ಕೊಡಲು ಇಟ್ಟರು. 2017ರಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್ನಿಗೆ 12 ಸೆಂಟು ಹೆಚ್ಚಿಸಿದಾಗಲೂ ವರ್ಷಕ್ಕೆ 20 ಕೋಟಿ ಡಾಲರನ್ನು ಇಂಥ ಸ್ವಸಹಾಯ ಕೌಂಟಿ, ಪಟ್ಟಣಗಳಿಗೆಂದು ಬೇರೆ ತೆಗೆದಿಟ್ಟಿತು. ಕೈ ಕಟ್ಟಿ ಕುಳಿತ ಕೌಂಟಿಗೆ ಈ ಪಾಲು ಇಲ್ಲ. ನಮ್ಮ ಸಂಘಗಳಿಗೂ ಹಲವು ಅನುದಾನಗಳು ಬರುವುದು ಹೀಗೆಯೇ ಅಲ್ಲವೇ? ಸಂಘದ ವಂತಿಗೆ ಎಷ್ಟು ಎಂಬ ಪ್ರಶ್ನೆ ಮೊದಲು, ಅನುದಾನದ ಮಾತು ಆಮೇಲೆ.

ಹಾಲು ಕರೆಯುವವನಿಗೆ ಎಷ್ಟು ಭಾರ?

ಇಲ್ಲಿ ಒಂದು ವಿಷಯ ನಿಮಗೆ ಸಮಾಧಾನ ತರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ಕೊಳ್ಳುವ ಆಹಾರ ಪದಾರ್ಥಗಳಿಗೆ ಮಾರಾಟ ತೆರಿಗೆ ಇಲ್ಲ. ಹಾಲು, ಬೆಣ್ಣೆ, ಅಕ್ಕಿ, ತರಕಾರಿ ಯಾವುದಕ್ಕೂ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೂ ಇಲ್ಲ. ಹಸುವಿನ ಮೇವು, ಹಿಂಡಿಗೂ ಇಲ್ಲ. ಆದ್ದರಿಂದ ರಸ್ತೆ ತೆರಿಗೆ ಅರ್ಧ ಸೆಂಟು ಏರಿದರೂ ಹಾಲು ಕುಡಿಯುವ ಮಗುವಿನ ಮೇಲೆ, ಹಸುವಿನ ಬಾನಿಯ ಮೇಲೆ ಅದು ಬೀಳುವುದಿಲ್ಲ. ರೈತ ಟ್ರ್ಯಾಕ್ಟರ್ ಕೊಂಡರೆ ರಾಜ್ಯದ ತೆರಿಗೆಯಲ್ಲಿ ರಿಯಾಯಿತಿ ಇದೆ, ಆದರೆ ಈ ಸ್ಥಳೀಯ ಅರ್ಧ ಸೆಂಟನ್ನು ಅವನೂ ಕೊಡಬೇಕು.

ಆದರೂ ವಿರೋಧಿಗಳ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರು ಹೇಳುವುದು ಮುಖ್ಯವಾಗಿ ಇಷ್ಟು. ಮಾರಾಟ ತೆರಿಗೆ ಬಡವನಿಗೂ ಸಿರಿವಂತನಿಗೂ ಒಂದೇ ದರ. ಬಡವನು ಬಂದ ಸಂಬಳವನ್ನೆಲ್ಲ ಖರ್ಚು ಮಾಡಲೇಬೇಕು, ಸಿರಿವಂತ ಅರ್ಧ ಉಳಿಸುತ್ತಾನೆ. ಆದ್ದರಿಂದ ಆದಾಯದ ಲೆಕ್ಕದಲ್ಲಿ ಬಡವನ ಪಾಲೇ ಹೆಚ್ಚು. ಕಾರೇ ಇಲ್ಲದ ಮುದುಕಿ ಚಪ್ಪಲಿ, ಬಟ್ಟೆ ಕೊಳ್ಳುವಾಗ ಹೆದ್ದಾರಿಗೆ ಹಣ ಕೊಡುತ್ತಾಳೆ, ಅತ್ತ ರಸ್ತೆ ಸವೆಸುವ ಭಾರಿ ಲಾರಿಯವನು ಸವೆಸಿದಷ್ಟು ಕೊಡುವುದಿಲ್ಲ. ಮೇಲೆ ಹೇಳಿದ ಅಚ್ಚಿನ ಲೆಕ್ಕವನ್ನು ನೆನೆದರೆ ಈ ವಾದದಲ್ಲಿ ಸತ್ವವಿದೆ ಎಂದು ಒಪ್ಪಲೇಬೇಕು.

ಇದಕ್ಕೆ ಉತ್ತರ ತೆರಿಗೆಯ ದರದಲ್ಲಿ ಸಿಗುವುದಿಲ್ಲ, ಹಂಚಿಕೆಯಲ್ಲಿ ಸಿಗುತ್ತದೆ. ಆ ಮುದುಕಿಗೆ ಬಸ್ಸು ಬಂದರೆ ಅವಳ ಹಣ ಅವಳಿಗೇ ಮರಳಿದಂತೆ. ಫ್ರೆಸ್ನೊದ ಕತೆಯಲ್ಲಿ ಇದು ಮನಕಲಕುವ ರೀತಿಯಲ್ಲಿ ಬರುತ್ತದೆ. 1999ರ ಆಗಸ್ಟ್ 9ರಂದು ಆ ಕೌಂಟಿಯ ಫೈವ್ ಪಾಯಿಂಟ್ಸ್ ಎಂಬಲ್ಲಿ, ಟೊಮೆಟೊ ವಿಂಗಡಿಸುವ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಮರಳುತ್ತಿದ್ದ ಕೃಷಿ ಕೂಲಿಗಳ ವ್ಯಾನು ದೊಡ್ಡ ಲಾರಿಯೊಂದಕ್ಕೆ ಬಡಿಯಿತು. 13 ಜನ ಸತ್ತರು. ವ್ಯಾನಿನಲ್ಲಿ ಸೀಟುಗಳ ಬದಲು ಬೆಂಚು ಹಾಕಿದ್ದರು, ಸೀಟ್ ಬೆಲ್ಟ್ ಇರಲಿಲ್ಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಗೂಡ್ಸ್ ಆಟೋದಲ್ಲಿ ಕೂಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ನೆನಪಾಗದೆ ಇರದು. ಅದೇ ವರ್ಷ ರಾಜ್ಯ ಕಾನೂನನ್ನು ಬಿಗಿ ಮಾಡಿತು. ಮುಂದೆ ಫ್ರೆಸ್ನೊ ತನ್ನ ತೆರಿಗೆಯನ್ನು ನವೀಕರಿಸಿದಾಗ, ಕೃಷಿ ಕಾರ್ಮಿಕರು ಸುರಕ್ಷಿತ ವ್ಯಾನುಗಳಲ್ಲಿ ಒಟ್ಟಾಗಿ ಕೆಲಸಕ್ಕೆ ಹೋಗಿಬರಲು ನೆರವು ಕೊಡುವುದೂ ಯೋಜನೆಯೊಳಗೆ ಸೇರಿತು. ಅರ್ಧ ಸೆಂಟು ಕೊಟ್ಟ ಕೂಲಿಯವನಿಗೆ ಅದರಿಂದ ಏನು ಬಂತು ಎಂದು ಕೇಳಿದರೆ ಇದೊಂದು ನೇರ ಉತ್ತರ.

ಗೆದ್ದದ್ದು, ಸೋತದ್ದು

ಈ ತೆರಿಗೆ ಪಾಸಾಗುವುದು ಸುಲಭವಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ತೆರಿಗೆ ಏರಿಕೆಗೆ ಕಡಿವಾಣ ಹಾಕುವ ಒಂದು ಪ್ರಸಿದ್ಧ ಪ್ರಸ್ತಾಪವನ್ನು ಅಂಗೀಕರಿಸಿದರು. ಗೊತ್ತಾದ ಉದ್ದೇಶಕ್ಕೆಂದು ಹಾಕುವ ಸ್ಥಳೀಯ ತೆರಿಗೆಗೆ ಮೂರರಲ್ಲಿ ಎರಡು ಪಾಲು ಮತ ಬೇಕು ಎಂಬ ನಿಯಮ ಅದರಿಂದ ಬಂತು. ಆರಂಭದಲ್ಲಿ ಕೌಂಟಿಗಳು ಇದಕ್ಕಾಗಿ ಪ್ರತ್ಯೇಕ ಪ್ರಾಧಿಕಾರ ರಚಿಸಿಕೊಂಡು ಸರಳ ಬಹುಮತದಲ್ಲೇ ಗೆಲ್ಲುತ್ತಿದ್ದವು. 1995ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸ್ಯಾಂಟಾ ಕ್ಲಾರಾದ ಮೊಕದ್ದಮೆಯೊಂದರಲ್ಲಿ, ಹಾಗಾಗದು, ಮೂರನೇ ಎರಡು ಬೇಕೇ ಬೇಕು ಎಂದಿತು. ಅಲ್ಲಿಂದ ಮುಂದೆ ಗೆಲ್ಲುವುದು ಬೆಟ್ಟ ಹತ್ತಿದ ಹಾಗೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2012ರಲ್ಲಿ ಇಂಥ ತೆರಿಗೆಯ ಅವಧಿ ವಿಸ್ತರಿಸುವ ಪ್ರಸ್ತಾಪಕ್ಕೆ ನೂರಕ್ಕೆ 66.1 ಮತ ಬಂದೂ ಸೋತಿತು, ಬೇಕಾದದ್ದು 66.67. ಹಾಲಿನ ಜಿಡ್ಡಿನಂಶ ಒಂದು ಗೆರೆ ಕಡಿಮೆಯಾಗಿ ದರ ತಪ್ಪಿಸಿಕೊಂಡವರಿಗೆ ಆ ಸಂಕಟ ಅರ್ಥವಾಗುತ್ತದೆ. (ನಾಗರಿಕರೇ ಸಹಿ ಸಂಗ್ರಹಿಸಿ ತಂದ ಪ್ರಸ್ತಾಪಗಳಿಗೆ ಸರಳ ಬಹುಮತ ಸಾಕು ಎಂಬ ತೀರ್ಪುಗಳು 2017ರ ಈಚೆಗೆ ಬಂದಿವೆ.)

ಫ್ರೆಸ್ನೊದ ಕತೆಯನ್ನೇ ನೋಡಿ. 1986ರ ತೆರಿಗೆ 2007ಕ್ಕೆ ಮುಗಿಯಬೇಕಿತ್ತು. 2002ರಲ್ಲಿ ಮುಂದುವರಿಸಲು ಮತಕ್ಕೆ ಹಾಕಿದರು, ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೂ ಮೂರನೇ ಎರಡು ಸಿಗದೆ ಸೋತಿತು. ಪುನಃ ಊರೂರಿನಲ್ಲಿ ಚರ್ಚೆ ಮಾಡಿ, ಹಂಚಿಕೆಯನ್ನು ಹೊಸದಾಗಿ ಬರೆದು 2006ರಲ್ಲಿ ಮತ್ತೆ ಹೋದರು. ಈ ಬಾರಿ ನೂರಕ್ಕೆ 75ಕ್ಕೂ ಹೆಚ್ಚು ಮತ. ಏನು ಬದಲಾಯಿತು? ಹೊಸ ಯೋಜನೆಯಲ್ಲಿ ಬಸ್ಸು ಮೊದಲಾದ ಸಾರ್ವಜನಿಕ ಸಾರಿಗೆಗೆ ಸುಮಾರು ಕಾಲು ಭಾಗ, ಪಟ್ಟಣ ಮತ್ತು ಹಳ್ಳಿಗಳ ಸ್ಥಳೀಯ ರಸ್ತೆಗಳಿಗೆ ಮೂರನೇ ಒಂದಕ್ಕೂ ತುಸು ಹೆಚ್ಚು, ದೊಡ್ಡ ರಸ್ತೆಗಳಿಗೆ ಸುಮಾರು 30 ಭಾಗ. ಜೊತೆಗೆ ಲೆಕ್ಕ ನೋಡಲು ನಾಗರಿಕರ ಮೇಲ್ವಿಚಾರಣಾ ಸಮಿತಿ. ದೊಡ್ಡ ಹೆದ್ದಾರಿ ಯಾರಿಗೋ, ತನ್ನ ಮನೆ ಮುಂದಿನ ಗುಂಡಿ ತನಗೆ ಎನ್ನುತ್ತಿದ್ದವನೂ ಹೌದು ಎನ್ನುವಂತೆ ಪಟ್ಟಿ ತಯಾರಾಯಿತು.

ಆ ನವೀಕರಣದ ಅವಧಿ 2027ರವರೆಗೆ. ಅದು ಮುಗಿಯಲು ಐದು ವರ್ಷ ಇರುವಾಗಲೇ, 2022ರ ನವೆಂಬರಿನಲ್ಲಿ, ಇನ್ನೂ 30 ವರ್ಷಕ್ಕೆ ಮುಂದುವರಿಸಿ ಎಂದು ಮತದಾರರ ಬಳಿ ಹೋದರು. ನೂರಕ್ಕೆ 58ರಷ್ಟು ಮತ ಬಂತು. ಸಾಲಲಿಲ್ಲ. ವಿರೋಧಿಸಿದವರೆಲ್ಲ ತೆರಿಗೆ ದ್ವೇಷಿಗಳಾಗಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಪಟ್ಟಿ ತಯಾರಿಸುವಾಗ ತಮ್ಮನ್ನು ಸರಿಯಾಗಿ ಕೇಳಲಿಲ್ಲ, ಅವಸರ ಮಾಡಿದರು, ಇನ್ನೂ ಕಾಲವಿದೆ, ಎಲ್ಲರನ್ನೂ ಕೂರಿಸಿಕೊಂಡು ಸರಿಯಾಗಿ ಮಾಡೋಣ ಎಂದು ಹೇಳಿದ ಸ್ಥಳೀಯ ಸಂಘಟನೆಗಳೂ ಅವರಲ್ಲಿದ್ದವು. ಅದೇ ಕೌಂಟಿ, ಅದೇ ಅರ್ಧ ಸೆಂಟು. 2006ರಲ್ಲಿ ಹೌದು, 2022ರಲ್ಲಿ ಸಾಲದು. ಜೇಬಿನ ಭಾರ ಎರಡು ಸಲವೂ ಒಂದೇ ಇತ್ತು. ಬದಲಾದದ್ದು ನಂಬಿಕೆ. ತೆರಿಗೆ ಬೇಕು ಎಂದು ಹೋರಾಡುವವರು ಇದನ್ನು ಅರಿಯದೆ, ರಸ್ತೆಯ ಗುಂಡಿಗಳ ಚಿತ್ರ ತೋರಿಸಿದರೆ ಸಾಕು ಎಂದುಕೊಂಡರೆ ಕೆಲಸ ಕೆಡುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಮಾರಾಟ ತೆರಿಗೆ ವ್ಯಾಪಾರದ ಜೊತೆ ಏಳುತ್ತದೆ, ಬೀಳುತ್ತದೆ. ಸ್ಯಾಂಟಾ ಕ್ಲಾರಾದ ಜನ 2000ದಲ್ಲಿ ನೂರಕ್ಕೆ 70ರಷ್ಟು ಮತದಿಂದ, ಬಾರ್ಟ್ ಎಂಬ ರೈಲನ್ನು ಸ್ಯಾನ್ ಹೋಸೆಗೆ ತರಲೆಂದು 30 ವರ್ಷದ ತೆರಿಗೆ ಒಪ್ಪಿದರು. ಒಪ್ಪಿದ ಬೆನ್ನಲ್ಲೇ ಕಂಪ್ಯೂಟರ್ ಕಂಪನಿಗಳು ಕುಸಿದು ಲೆಕ್ಕಾಚಾರ ತಪ್ಪಿತು. ರೈಲು ನಗರದ ಉತ್ತರ ಭಾಗದ ಬೆರಿಯೆಸ್ಸಾ ನಿಲ್ದಾಣ ತಲುಪಿದ್ದು 2020ರ ಜೂನ್‌ನಲ್ಲಿ. ನಡುಪೇಟೆಗೆ ಇನ್ನೂ ಹೋಗಬೇಕಾಗಿದೆ. ಮತ ಹಾಕಿದಾಗ ಶಾಲೆಗೆ ಸೇರಿದ ಮಗು ಆ ಹೊತ್ತಿಗೆ ಕಾಲೇಜು ಮುಗಿಸಿತ್ತು. ಪಟ್ಟಿಯಲ್ಲಿ ಮೂವತ್ತು ವರ್ಷದ ಕನಸು ತುಂಬುವಾಗ ಮೊದಲ ಐದು ವರ್ಷಕ್ಕೆ ಕಣ್ಣಿಗೆ ಕಾಣುವ ಕೆಲಸವನ್ನೂ ಇಡಬೇಕು ಎಂಬುದು ನನ್ನ ಅಭಿಪ್ರಾಯ.

ಮತಕ್ಕೆ ಮೊದಲು ಅವರು ಮಾಡುವ ಒಂದು ಕೆಲಸ ನನಗೆ ಬಹಳ ಮೆಚ್ಚಿಗೆಯಾಯಿತು. ಪ್ರಸ್ತಾಪದ ಪೂರ್ಣ ಪಾಠದ ಜೊತೆಗೆ ಪರವಾದಿಗಳ ವಾದ, ವಿರೋಧಿಗಳ ವಾದ, ಒಬ್ಬರಿಗೊಬ್ಬರು ಕೊಟ್ಟ ಉತ್ತರ, ಎಲ್ಲವನ್ನೂ ಸರ್ಕಾರಿ ಖರ್ಚಿನಲ್ಲಿ ಒಂದೇ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ ಮತದಾರರ ಮನೆಗೆ ಕಳಿಸುತ್ತಾರೆ. ನಮ್ಮ ವಾರ್ಷಿಕ ಸಭೆಯ ನೋಟಿಸು ಒಂದು ಪುಟ. ಅದನ್ನು ಓದುವವರು ಎಷ್ಟು ಜನ, ನೀವೇ ಹೇಳಿ.

ನಮ್ಮ ಕಡೆಗೆ ಬಂದರೆ

ನಮ್ಮ ಜಿಲ್ಲೆಯಲ್ಲಿ ಇಂಥ ಮತದಾನ ನಡೆಸಲು ಬರುತ್ತದೆಯೇ? ಬರುವುದಿಲ್ಲ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ಸರಕುಗಳ ಮೇಲಿನ ತೆರಿಗೆ ದರ ನಿಗದಿಯಾಗುವುದು ಜಿ.ಎಸ್.ಟಿ. ಮಂಡಳಿಯಲ್ಲಿ. ಜಿಲ್ಲಾ ಪಂಚಾಯಿತಿಯಾಗಲಿ ಗ್ರಾಮ ಪಂಚಾಯಿತಿಯಾಗಲಿ ಮಾರಾಟ ತೆರಿಗೆ ಹಾಕುವಂತಿಲ್ಲ. ಪೆಟ್ರೋಲ್, ಡೀಸೆಲ್ ಜಿ.ಎಸ್.ಟಿ.ಯ ಹೊರಗೆ ಉಳಿದವು. ಅವುಗಳ ಮೇಲೆ ರಾಜ್ಯದ ಮಾರಾಟ ತೆರಿಗೆ ಇದೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಈ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿತು. ಹಾಲಿನ ವ್ಯಾನೂ ಅದೇ ಡೀಸೆಲ್ ಹಾಕಿಸಿಕೊಳ್ಳುತ್ತದೆ. ಆ ಹಣ ರಾಜ್ಯದ ಸಾಮಾನ್ಯ ಖಜಾನೆಗೆ ಸೇರುತ್ತದೆ. ಇಷ್ಟು ಪಾಲು ನಿಮ್ಮ ಹೋಬಳಿಯ ರಸ್ತೆಗೆ ಎಂಬ ಬರಹ ಎಲ್ಲಿಯೂ ಇಲ್ಲ. ಫ್ರೆಸ್ನೊದ ಅರ್ಧ ಸೆಂಟಿಗೂ ಇದಕ್ಕೂ ಇರುವ ಅಂತರ ಇದೇ.

ಹಾಗೆಂದು ಮೀಸಲು ತೆರಿಗೆ ನಮಗೆ ಅಪರಿಚಿತವಲ್ಲ. ಫ್ರೆಸ್ನೊ ಕೌಂಟಿಯವರು ಅಂಗಡಿ ಬಿಲ್ಲಿನಲ್ಲಿ ಗ್ರಂಥಾಲಯಕ್ಕೆಂದು ಡಾಲರಿಗೆ ಎಂಟನೇ ಒಂದು ಸೆಂಟು, ಮೃಗಾಲಯಕ್ಕೆಂದು ಹತ್ತನೇ ಒಂದು ಸೆಂಟು ಸಹ ಕೊಡುತ್ತಾರೆ. ಕೇಳಿ ನಗಬೇಡಿ. ನಮ್ಮಲ್ಲಿಯೂ 1965ರ ಕಾಯಿದೆಯಿಂದ ಕಂದಾಯದ ಜೊತೆ ಗ್ರಂಥಾಲಯ ಕರ ಬಂದಿದೆ. ರಸ್ತೆಗೂ ಇದೆ. ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಮೇಲೆ ರಸ್ತೆ ಉಪಕರ ಹಾಕುತ್ತದೆ. 2000ದ ಕಾಯಿದೆಯಂತೆ ಅದಕ್ಕೆ ಕೇಂದ್ರ ರಸ್ತೆ ನಿಧಿ ಎಂಬ ಬೇರೆ ನಿಧಿ ಏರ್ಪಟ್ಟಿತು, 2018ರಲ್ಲಿ ಮೂಲಸೌಕರ್ಯ ಎಂಬ ಮಾತೂ ಅದರ ಹೆಸರಿಗೆ ಸೇರಿತು. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಗೆ ಈ ಉಪಕರದ ಹಣ ಬಲ ಕೊಟ್ಟಿತು. ನಿಮ್ಮ ಹಾಲಿನ ಮಾರ್ಗದಲ್ಲಿ ಆ ಯೋಜನೆಯ ರಸ್ತೆ ಇದ್ದರೆ ಅದರ ತುದಿಯಲ್ಲಿ ಒಂದು ಫಲಕ ಇರುತ್ತದೆ. ರಸ್ತೆಯ ಉದ್ದ, ಖರ್ಚು, ಗುತ್ತಿಗೆದಾರರ ಹೆಸರು, ನಿರ್ವಹಣೆಯ ಅವಧಿ ಅದರಲ್ಲಿರಬೇಕು. ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬುದು ಆ ಯೋಜನೆಯ ಷರತ್ತು. ಆ ಐದು ವರ್ಷದೊಳಗೆ ಗುಂಡಿ ಬಿದ್ದರೆ ಕೇಳುವ ಹಕ್ಕು ನಿಮಗಿದೆ. ಫಲಕದ ಮುಂದೆ ದಿನವೂ ಹಾಲಿನ ವ್ಯಾನು ಹೋಗುತ್ತದೆ, ನಿಂತು ಓದಿದವರು ಕಡಿಮೆ.

ಸರ್ಕಾರದ ತೆರಿಗೆಯಲ್ಲಿ ನಮಗೆ ಮತವಿಲ್ಲದಿದ್ದರೂ ಸಂಘದಲ್ಲಿ ಇದೆ. ದಿನಕ್ಕೆ 500 ಲೀಟರ್ ಹಾಲು ಬರುವ ಸಂಘ ಲೀಟರಿಗೆ 10 ಪೈಸೆ ಮುರಿದರೆ ದಿನಕ್ಕೆ 50 ರೂಪಾಯಿ, ವರ್ಷಕ್ಕೆ 18,250 ರೂಪಾಯಿ. ಐದು ವರ್ಷಕ್ಕೆ 91,250. ಎರಡು ಲೀಟರ್ ಹಾಕುವ ಮನೆಗೆ ದಿನಕ್ಕೆ 20 ಪೈಸೆ ಹೊರೆ. ಮಳೆಗಾಲದಲ್ಲಿ ಸಂಘದ ಮುಂದೆ ವ್ಯಾನು ಹೂತುಕೊಳ್ಳುವ ನಾಲ್ಕು ಮಾರು ಕೆಸರಿಗೆ ಕಲ್ಲು ಹಾಸಲು, ಮೋರಿ ಇಡಲು ಇಷ್ಟು ಹಣದಿಂದ ಆರಂಭ ಮಾಡಬಹುದು. ಪಂಚಾಯಿತಿಯ ಬಳಿ ಹೋಗುವಾಗಲೂ ಬರಿಗೈಯಲ್ಲಿ ಹೋಗಿ ಬೇಡುವುದಕ್ಕೂ ನಮ್ಮ ಪಾಲು ಇಷ್ಟು ಇದೆ ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ. ಇಂಥ ನಿರ್ಣಯ ನಿಮ್ಮ ಸಭೆಗೆ ಬಂದರೆ ಬೆಂಬಲಿಸಿ ಎಂದೇ ಈ ಲೇಖಕನ ಸಲಹೆ. ಆದರೆ ಕೈ ಎತ್ತುವ ಮೊದಲು ಫ್ರೆಸ್ನೊದ ಮತದಾರರು ಕೇಳಿದ್ದನ್ನು ನೀವೂ ಕೇಳಿ. ಹಣ ಯಾವ ಕೆಲಸಕ್ಕೆ ಎಂಬುದು ನಿರ್ಣಯದಲ್ಲಿ ಬರೆದಿದೆಯೇ? ಮುರಿಯುವುದು ಯಾವ ತಾರೀಖಿಗೆ ನಿಲ್ಲುತ್ತದೆ? ಬೇರೆ ಖಾತೆಯಲ್ಲಿ ಇಡುತ್ತಾರೆಯೇ? ಆಡಳಿತ ಮಂಡಳಿಯಲ್ಲಿ ಇಲ್ಲದ ಸದಸ್ಯರು ಲೆಕ್ಕ ನೋಡುವರೇ? ಊರ ಕೊನೆಯ ಕೇರಿಯಿಂದ ತಲೆಯ ಮೇಲೆ ಕ್ಯಾನು ಹೊತ್ತು ಬರುವ ಹೆಣ್ಣುಮಗಳನ್ನು ಪಟ್ಟಿ ಮಾಡುವಾಗ ಕೇಳಿದ್ದಾರೆಯೇ?

ಅಧ್ಯಯನ ಗುಂಪಿನಲ್ಲಿ ಈ ಪಾಠ ಓದುವವರು ಮುಂದಿನ ಕೂಟಕ್ಕೆ ಸಂಘದ ಕಳೆದ ವರ್ಷದ ಆಡಿಟ್ ವರದಿಯನ್ನು ತರಲು ಕಾರ್ಯದರ್ಶಿಯವರಿಗೆ ಹೇಳಿ. ಅದರಲ್ಲಿ ಯಾವ ಯಾವ ನಿಧಿಗೆ ಲೀಟರಿಗೆ ಎಷ್ಟು ಪೈಸೆ ಹೋಗಿದೆ, ಪ್ರತಿಯೊಂದಕ್ಕೂ ನಿರ್ಣಯ ಆದದ್ದು ಯಾವ ವರ್ಷ, ಹಣ ಈಗ ಎಲ್ಲಿದೆ ಎಂದು ಗುಂಪಿನ ಒಬ್ಬರು ಗಟ್ಟಿಯಾಗಿ ಓದಲಿ. ಹಾಲಿನ ಮಾರ್ಗದ ರಸ್ತೆ ಫಲಕದಲ್ಲಿರುವುದನ್ನು ಇನ್ನೊಬ್ಬರು ಬರೆದುಕೊಂಡು ಬರಲಿ.